ವರಮಹಾಲಕ್ಷ್ಮಿಯೂ ನಾನೂ ಒಂದೇ ಸೀರೆಯಲ್ಲಿ

ಹೊರಗೆ ಸುಡುಬಿಸಿಲು. ಲಂಡನ್ನಿನ ಟೂಟಿಂಗಿನ ಒಂದು ಮನೆಯ ಹಾಲ್‌ನಲ್ಲಿ, ದೇವರ ಮುಂದೆ, ನಾನು ರೇನ್‌ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು ಕೂತಿದ್ದೆ.

ಹುಚ್ಚೇ ಎಂದು ನೀವು ಕೇಳಬೇಡಿ. ಅಲ್ಲಿದ್ದವರೆಲ್ಲ ಆಗಲೇ ಕೇಳಿಯಾಗಿದೆ.

ಕಳೆದ ಶುಕ್ರವಾರ ಗೆಳತಿ ಸವಿತಾಳ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬ. ಸವಿತಾ ಧಾರವಾಡದವಳು, ಇಲ್ಲಿ ಡಾಕ್ಟರ್. (ಅವಳ ಬಳಗದಲ್ಲಿ ಎತ್ತ ತಿರುಗಿದರೂ ಡಾಕ್ಟರುಗಳೇ. ನಾನೊಬ್ಬಳು ಸಾಫ್ಟ್‌ವೇರಿನವಳು, ಅವರ ಲ್ಯಾಪ್‌ಟಾಪ್ ಕೆಟ್ಟಾಗ ನೆನಪಾಗುತ್ತೇನೆ.) ದೇವರ ಕಾರ್ಯಕ್ಕೆ ಜೀನ್ಸಿನಲ್ಲಿ ಹೋಗುವುದುಂಟೆ? ಕ್ಯಾನರಿ ವಾರ್ಫ್‌ನ ಆಫೀಸಿನ ಟಾಯ್ಲೆಟ್ಟಿನಲ್ಲಿ, ಸೆರಗು ನೆಲಕ್ಕೆ ತಾಗದಂತೆ ಹಲ್ಲಲ್ಲಿ ಕಚ್ಚಿ ಹಿಡಿದು, ಹೊಸ ರೇಷ್ಮೆ ಸೀರೆ ಉಟ್ಟೆ. ಗಿಳಿಹಸಿರು ಮೈ, ನೇರಳೆ ಅಂಚು. ಬೆಂಗಳೂರಿನ ಅಂಗಡಿಯೊಂದರಿಂದ ವೀಡಿಯೊ ಕಾಲ್‌ನಲ್ಲಿ ಆರಿಸಿ ತರಿಸಿದ್ದು. ಇದೊಂದೇ ಪೀಸ್ ಅಕ್ಕಾ, ರಿಪೀಟ್ ಬರಲ್ಲ ಎಂದಿದ್ದಳು ಅಂಗಡಿಯವಳು. ಟ್ಯೂಬ್ ರೈಲಿನಲ್ಲಿ ಯಾರಾದರೂ ಕಾಫಿ ಚೆಲ್ಲಿಬಿಟ್ಟರೆ ಎಂದು ಮೇಲೊಂದು ಪಾದ ಮುಚ್ಚುವಷ್ಟು ಉದ್ದದ ರೇನ್‌ಕೋಟ್ ಏರಿಸಿಕೊಂಡೆ.

ಸವಿತಾ ಬಾಗಿಲು ತೆರೆದವಳೇ ನನ್ನನ್ನು ದೇವರ ಮುಂದಕ್ಕೆ ಎಳೆದೊಯ್ದಳು. ವಾರವಿಡೀ ಡ್ಯೂಟಿ ಮುಗಿಸಿ ಬಂದು ನೆರಿಗೆ ಹಿಡಿಯುವ ಅಭ್ಯಾಸ ಮಾಡಿದ್ದಳಂತೆ. ಸ್ಟೂಲಿನ ಮೇಲೆ ಇಡ್ಲಿ ಪಾತ್ರೆ, ಅದರ ಮೇಲೆ ಕಲಶ, ತೋಳುಗಳಿಗೆ ಎರಡು ಮರದ ಸೌಟು. ಅಷ್ಟಕ್ಕೂ ಸೇರಿಸಿ ಒಂದು ಸೀರೆ.

ಗಿಳಿಹಸಿರು ಮೈ. ನೇರಳೆ ಅಂಚು.

"ಲಂಡನ್ನಿನಾಗ ಯಾರ ಹತ್ರನೂ ಇಲ್ಲ ನೋಡ ಇಂಥಾ ಸೀರಿ," ಎಂದಳು ಸವಿತಾ.

ನನ್ನ ಕೈ ತಾನಾಗಿ ಕೋಟಿನ ಗುಂಡಿಗೆ ಹೋಯಿತು. ಬಿಚ್ಚಲಿಕ್ಕಲ್ಲ, ಹಾಕಲಿಕ್ಕೆ. ವರ್ಷಕ್ಕೊಮ್ಮೆ ಅವಳು ಇಷ್ಟು ಆಸೆಪಟ್ಟು ಮಾಡುವ ಅಲಂಕಾರ. ನಾನು ಕೋಟು ತೆಗೆದರೆ ಅದು ಎಲ್ಲರ ಬಾಯಲ್ಲಿ ಜೋಕಾಗುತ್ತದೆ, ಅವಳ ಮುಖ ಬಾಡುತ್ತದೆ. ಏನಾದರಾಗಲಿ, ಕೋಟು ತೆಗೆಯುವುದಿಲ್ಲ ಎಂದು ನಿಶ್ಚಯಿಸಿದೆ. (ಸುಳ್ಳೇಕೆ ಹೇಳಲಿ? ಆ ಸೀರೆ ನನಗಿಂತ ಇಡ್ಲಿ ಪಾತ್ರೆಗೇ ಚೆನ್ನಾಗಿ ಒಪ್ಪಿತ್ತು. ಆ ಹೊಟ್ಟೆಕಿಚ್ಚೂ ಇತ್ತು.)

ಕೋಟು ತೆಗೀರಿ ಎಂದರು ಎಲ್ಲರೂ. ಚಳಿ ಎಂದೆ.

ಡಾಕ್ಟರುಗಳ ನಡುವೆ, ಅದೂ ಅಂಥ ಬಿಸಿಲಿನಲ್ಲಿ, ಆಡಬಾರದ ಮಾತದು. ಮೈಸೂರಿನ ಅರಿವಳಿಕೆ ತಜ್ಞೆಯೊಬ್ಬರು ಹಣೆ ಮುಟ್ಟಿ ನೋಡಿದರು. ಇನ್ನೊಬ್ಬರು ನಾಡಿ ಹಿಡಿದರು. ಮಡಿಯುಟ್ಟು ಪೂಜೆಗೆ ಕೂತಿದ್ದ ಸವಿತಾಳ ಗಂಡ ಎದ್ದು ಹೋಗಿ ಥರ್ಮಾಮೀಟರ್ ತಂದು ನನ್ನ ಕಿವಿಗಿಟ್ಟರು. ಬಡಾವಣೆಯ ಡಾಕ್ಟರಾದ ಜಿಪಿಯ ಅಪಾಯಿಂಟ್‌ಮೆಂಟಿಗಾಗಿ ಬೆಳಿಗ್ಗೆ ಎದ್ದು ಫೋನ್ ಹಿಡಿದು ಕಾಯುವವಳು ನಾನು. ಇಲ್ಲಿ ಬೇಡವೆಂದರೂ ಬಿಡುವವರಿಲ್ಲ!

ಜ್ವರವಿಲ್ಲ ಎಂದು ತೀರ್ಮಾನವಾಗಿ ಪೂಜೆ ಶುರುವಾಯಿತು. ಬೆವರು ಕಣ್ಣಿಗಿಳಿಯಿತು. ಒರೆಸಿಕೊಂಡೆ. ಪಕ್ಕದವರು ಭಕ್ತಿಯ ಕಣ್ಣೀರೆಂದು ತಿಳಿದು ಟಿಶ್ಯೂ ಕೊಟ್ಟರು. ಭಕ್ತಿಯೆ? ವ್ರತದ ಕಥೆ ಓದುತ್ತಿದ್ದಷ್ಟು ಹೊತ್ತೂ ನಾನು ದೇವಿಯ ನೆರಿಗೆಗಳನ್ನು ಎಣಿಸುತ್ತಿದ್ದೆ. ಅವಳಿಗೆ ಎಂಟು ಬಂದಿವೆ, ನನಗೆ ಐದೇ ಯಾಕೆ? ಅಲ್ಲ, ನಾನು ಉಟ್ಟು ಬಂದದ್ದಾದರೂ ದೇವರಿಗೆ ಇಷ್ಟವಾಗಲಿ ಎಂದೋ, ಪಕ್ಕದವರ ಕಣ್ಣು ಕುಕ್ಕಲಿ ಎಂದೋ?

ಆಗ ಸವಿತಾಳ ಅತ್ತೆ, ಹಬ್ಬಕ್ಕೆಂದೇ ಧಾರವಾಡದಿಂದ ಬಂದವರು, ಕುಂಕುಮದ ಬಟ್ಟಲು ಹಿಡಿದು ನನ್ನೆದುರು ನಿಂತರು.

"ದೇವ್ರಿಗಂತ ಉಟ್ಟದ್ದು ದೇವ್ರಿಗೇ ತೋರಿಸ್ಲಿಲ್ಲಂದ್ರ ಹ್ಯಾಂಗ ತಂಗೀ?" ಎಂದರು.

ಉತ್ತರಕ್ಕೂ ಕಾಯದೆ ತಾವೇ ಗುಂಡಿ ಬಿಚ್ಚಿದರು.

ಎಲ್ಲರ ಕಣ್ಣು ದೇವಿಯ ಮೇಲೆ, ನನ್ನ ಮೇಲೆ, ಮತ್ತೆ ದೇವಿಯ ಮೇಲೆ. ಕುಂಕುಮ ಮೊದಲು ಯಾರಿಗೆ ಎಂದು ತಿಳಿಯದೆ ಅತ್ತೆಯವರ ಕೈ ನಡುವೆಯೇ ನಿಂತಿತು. ನಾನು ಮಾತ್ರ ಸವಿತಾಳನ್ನೇ ನೋಡುತ್ತಿದ್ದೆ. ಅವಳ ಮುಖ ಕೆಂಪಾಯಿತು. ಅತ್ತೇಬಿಡುತ್ತಾಳೆ ಎಂದು ನನಗೆ ಜೀವವೇ ಹೋದಂತಾಯಿತು.

"ನಿನಗೂ ಇದೊಂದ ಪೀಸ್ ಅಂದ್ಲೇನು ಆ ಅಂಗಡ್ಯಾಕಿ?" ಎಂದು ಕೇಳಿದಳು.

ಹೌದೆಂದು ತಲೆಯಾಡಿಸಿದೆ. ಅಷ್ಟೇ ಸಾಕಾಯಿತು. ನಗಲು ಶುರು ಮಾಡಿದವಳು ಗೋಡೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಮೊದಲು ಮಂಗಳಾರತಿ ಮುಗಿಸೋಣ ಎಂದು ಅವಳ ಗಂಡ ತಟ್ಟೆ ಹಿಡಿದು ಬೇಡಿಕೊಳ್ಳಬೇಕಾಯಿತು. ಆಮೇಲೆ ಫೋಟೊಗಳೇ ಫೋಟೊಗಳು. ದೇವಿಯ ಪಕ್ಕ ನಿಂತವರಿಗಿಂತ ನನ್ನ ಪಕ್ಕ ನಿಂತವರೇ ಹೆಚ್ಚು ಎಂದರೆ ಜಂಬವೆನ್ನುತ್ತೀರಿ, ಬೇಡ ಬಿಡಿ.

ಗ್ರೀನ್‌ಫರ್ಡ್‌ನ ನಮ್ಮ ಮನೆ ಸೇರಿ ನಮ್ಮವರಿಗೆ ಪೂರ್ತಿ ವರದಿ ಒಪ್ಪಿಸಿದೆ. ಅಂಚು ಎಷ್ಟು ಅಗಲ, ದೇವಿಯ ಸೆರಗಿಗೆ ಸವಿತಾ ಪಿನ್ನು ಎಲ್ಲಿ ಹಾಕಿದ್ದಳು, ಸೌಟಿನ ತೋಳಿಗೆ ಯಾವ ಬಳೆ, ಯಾರ ಬ್ಲೌಸಿನ ಬೆನ್ನು ಎಷ್ಟು ಆಳ, ಒಂದನ್ನೂ ಬಿಡಲಿಲ್ಲ. ಅವರು ಪ್ರಸಾದದ ಕೋಸಂಬರಿ ತಿನ್ನುತ್ತ ಎಲ್ಲ ಕೇಳಿಸಿಕೊಂಡರು. ಮೈಸೂರಿನ ಅವರ ಮನೆಯಲ್ಲಿ ತೆಂಗಿನಕಾಯಿಗೆ ಅರಿಶಿನ ಮೆತ್ತಿ, ಅಮ್ಮನೇ ದೇವಿಗೆ ಕಣ್ಣು ಮೂಗು ಬಿಡಿಸುತ್ತಿದ್ದರಂತೆ.

"ಸವಿತಾ ಮನೇಲಿ ದೇವೀ ಮುಖ ಹೇಗಿತ್ತು? ಬೆಳ್ಳೀದಾ, ಅರಿಶಿನದ್ದಾ?" ಎಂದು ಕೇಳಿದರು.

ಎರಡು ಗಂಟೆ ದೇವಿಯೆದುರಿಗೇ ಕೂತು ಬಂದ ನಾನು, "ಇರಿ, ಫೋಟೊ ನೋಡಿ ಹೇಳ್ತೀನಿ" ಎಂದೆ.