ಬೈಯದ ಕಂಪೈಲರ್

ಕೊರೊನಾ ಕಳೆದ ಮರುವರ್ಷದ ಮಾತು. ಕಾರ್ಖಾನೆಯ ಕೆಲಸ ಬಿಟ್ಟು, ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಆಟೊಮೇಷನ್ ಕೆಲಸ ಹಿಡಿದಿದ್ದೆ. ಗಿರಣಿಗಳ ಯಂತ್ರ ನಡೆಸುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು ನನ್ನ ಕಸುಬು. ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವ ಸಾಫ್ಟ್‌ವೇರಿಗೆ ಕಂಪೈಲರ್ ಎನ್ನುತ್ತಾರೆ. ತಪ್ಪು ಕಂಡರೆ ಅದು ಎರರ್ ಎಂದು ಕೆಂಪಕ್ಷರದಲ್ಲಿ ಬೈಯುತ್ತದೆ. ನಾನು ಅತ್ತೆಯಿಂದ ಬೈಸಿಕೊಂಡದ್ದಕ್ಕಿಂತ ಹೆಚ್ಚು ಅದರಿಂದ ಬೈಸಿಕೊಂಡಿದ್ದೇನೆ. ಇಬ್ಬರಿಗೂ ಹೆದರಿದವಳಲ್ಲ.

ಹರಿಹರದಾಚೆ ನಂದಿಗುಡಿ ರಸ್ತೆಯಲ್ಲಿ ಬಸವರಾಜಪ್ಪ ಎಂಬವರ ಕುಚ್ಚಲಕ್ಕಿ ಗಿರಣಿಯಿತ್ತು. ಅಲ್ಲಿ ಭತ್ತವನ್ನು ತೊಟ್ಟಿಯಲ್ಲಿ ನೆನೆಹಾಕಿ, ಬಾಯ್ಲರಿನ ಹಬೆಯಲ್ಲಿ ಬೇಯಿಸುತ್ತಾರೆ. ಬಾಯ್ಲರಿನೊಳಗಿನ ನೀರಿನ ಮಟ್ಟ ಅಳೆಯುವ ಹಳೆಯ ಸೆನ್ಸರ್ ಕೆಟ್ಟಿತ್ತು. ಅಮಾವಾಸ್ಯೆಗೆ ಹೇಗೂ ಗಿರಣಿ ನಿಲ್ಲುತ್ತದೆಂದು ಅಂದೇ ಹೊಸದನ್ನು ಕೂಡಿಸಿದ್ದರು. ಹಳೆಯದು ನೀರು ಇಳಿದರೆ ಅಂಕಿ ಇಳಿಸುತ್ತಿತ್ತು; ಅದನ್ನು ನೋಡಿ ಪಿಎಲ್‌ಸಿ ಅಲಾರಂ ಹೊಡೆಸಿ, ನೀರಿನ ಪಂಪು ನಡೆಸುತ್ತಿತ್ತು. ಹೊಸದು ಮೇಲಿನಿಂದ ನೀರಿನವರೆಗಿನ ಖಾಲಿ ಜಾಗ ಅಳೆಯುವಂಥದ್ದು. ನೀರು ಇಳಿದಷ್ಟೂ ಅದರ ಅಂಕಿ ಏರುತ್ತದೆ. ಇದನ್ನು ತಿಳಿದುಕೊಳ್ಳುವಂತೆ ಪ್ರೋಗ್ರಾಂ ತಿದ್ದಿಕೊಡಲು ಮರುದಿನ ಬೆಳಿಗ್ಗೆ ನಾನು ಹೋದೆ.

ನಮ್ಮ ಕಡೆ ಗಿರಣಿಯಿರಲಿ, ಲಾರಿಯಿರಲಿ, ಅಮಾವಾಸ್ಯೆ ಪೂಜೆ ತಪ್ಪಿಸುವವರಿಲ್ಲ. ಈ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ರಫೀಕಣ್ಣನೇ ಮೇನ್ ಸ್ವಿಚ್ ಇಳಿಸಿ, ಬಾಯ್ಲರಿಗೆ ಹಾರ ಹಾಕುತ್ತಿದ್ದ. ಪೂಜೆಯ ಹೊತ್ತಿನಲ್ಲಿ ಯಾವ ಯಂತ್ರದ ಮೈಯಲ್ಲೂ ಕರೆಂಟ್ ಇರಬಾರದೆಂಬುದು ಅವನ ಕಟ್ಟುನಿಟ್ಟು. ಮೋಟಾರು, ಪ್ಯಾನೆಲ್ಲು, ಮೂಲೆಯ ಹಳೆಯ ಕಂಪ್ಯೂಟರು ಎಲ್ಲವೂ ಬಂದ್. ನಾನು ಹೋದಾಗ ಕಂಪ್ಯೂಟರಿನ ಹಣೆಗೂ ವಿಭೂತಿ, ಕುಂಕುಮ ಇತ್ತು. ರಫೀಕಣ್ಣ ಅದನ್ನಾಗಲೇ ಆನ್ ಮಾಡಿಟ್ಟಿದ್ದ.

ಆ ಗಿರಣಿಯ ಪ್ರೋಗ್ರಾಮಿಂಗ್ ಸಾಫ್ಟ್‌ವೇರು ಮೊದಲೇ ಮೊಂಡು. ಮುಚ್ಚಿ ತೆರೆದರೆ ಕೆಲವು ಎರರ್ ತಾವೇ ಮಾಯವಾಗುತ್ತಿದ್ದವು. ಅಂದು ಹೊಸ ಸೆನ್ಸರಿಗೊಂದು ಹೆಸರು ಕೊಟ್ಟು ಹಳೆಯ ಫೈಲಿಗೆ ಸೇರಿಸಿದೆ. ಲೆಕ್ಕವನ್ನು ಹೊಸ ಫೈಲಿನಲ್ಲಿ ಬರೆದೆ. ಕಂಪೈಲ್ ಮಾಡಿದರೆ, ಅಂಥ ಹೆಸರೇ ಇಲ್ಲವೆಂದು ಎರರ್! ಹೆಸರು ನನ್ನ ಕಣ್ಣೆದುರೇ ಇದೆ. ಮುಚ್ಚಿದೆ, ತೆರೆದೆ. ಮತ್ತೆ ಅದೇ ಹಾಡು.

ಅಷ್ಟರಲ್ಲಿ ಬಸವರಾಜಪ್ಪ ಬಾಗಿಲಿಗೆ ಬಂದು ನಿಂತರು. "ಮೇಡಂ, ಭತ್ತ ನೆನೆದು ಕೂತೈತೆ. ಇನ್ನೂ ತಡ ಆದ್ರೆ ಹುಳಿ ವಾಸ್ನೆ ಹಿಡಿತೈತೆ ನೋಡ್ರಿ."

ಕೊನೆಗೆ ಹೊಸ ಫೈಲನ್ನೇ ಅಳಿಸಿ, ಅದರ ಸಾಲುಗಳನ್ನು ಹಳೆಯ ಫೈಲಿಗೆ ಅಂಟಿಸಿದೆ. ಕಂಪೈಲ್ ಒತ್ತಿದೆ. ಸೊನ್ನೆ ಎರರ್. ಬಸವರಾಜಪ್ಪ ಕೈಮುಗಿದರು. ಪ್ರೋಗ್ರಾಮನ್ನು ಪಿಎಲ್‌ಸಿಗೆ ಇಳಿಸಿದೆ. ರಫೀಕಣ್ಣ ಒಲೆಗೆ ಹೊಟ್ಟು ತುಂಬಲು ಹೋದ.

ನನಗೆ ಮಾತ್ರ ಸಮಾಧಾನವಿಲ್ಲ. ಎಂದೂ ಗೊಣಗುತ್ತಾ, ತೆವಳುತ್ತಾ ಕೆಲಸ ಮಾಡುವ ಕಂಪೈಲರ್ ಅಂದು ನಾನು ಕೀಲಿಯಿಂದ ಬೆರಳೆತ್ತುವಷ್ಟರಲ್ಲಿ ಮುಗಿಸಿತ್ತು. ಪರೀಕ್ಷಿಸೋಣವೆಂದು ಪ್ರೋಗ್ರಾಮಿನ ನಡುವೆ ಕೈಗೆ ಸಿಕ್ಕ ಅಕ್ಷರಗಳನ್ನೆಲ್ಲ ಕುಟ್ಟಿದೆ, ಯಾವ ಭಾಷೆಗೂ ಸೇರದ ಕಸ. ಮತ್ತೆ ಕಂಪೈಲ್ ಒತ್ತಿದೆ.

ಸೊನ್ನೆ ಎರರ್.

ಅಂದರೆ ಹಳೆಯ ಫೈಲಿನಲ್ಲಿ ನಾನು ಬರೆದದ್ದನ್ನು ಅದು ಓದಿಯೇ ಇರಲಿಲ್ಲ. ಹಾಗಾದರೆ ಬಾಯ್ಲರಿಗೆ ನಾನು ಇಳಿಸಿದ್ದು ಏನು?

"ರಫೀಕಣ್ಣಾ, ಬೆಂಕಿ ಹಚ್ಚಬ್ಯಾಡ!" ಎಂದು ಅರಚಿದೆ. ಅವನ ಕೈಯಲ್ಲಿ ಡೀಸೆಲ್ ಅದ್ದಿದ ಬಟ್ಟೆ ಆಗಲೇ ಇತ್ತು.

"ಯಾಕ್ರಿ ಮೇಡಂ? ಸ್ಕ್ರೀನಿನಾಗೆ ಎಲ್ಲಾ ಹಸಿರು ಐತಲ್ಲ."

"ಹಸಿರು ಇರ್ಲಿ. ತಳದ ವಾಲ್ವ್ ತೆಗೆದು ಬಾಯ್ಲರಿನ ನೀರು ಹೊರಗೆ ಬಿಡು."

ಬಸವರಾಜಪ್ಪನವರ ಮುಖ ಗಂಟಿಕ್ಕಿತು. ರಫೀಕಣ್ಣ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ವಾಲ್ವ್ ತಿರುಗಿಸಿದ. ತಣ್ಣನೆಯ ನೀರು ಮೋರಿಗೆ ಹರಿಯತೊಡಗಿತು. ನಾವು ಮೂವರೂ ಸ್ಕ್ರೀನ್ ನೋಡುತ್ತಾ ನಿಂತೆವು. ನೀರಿನ ಮಟ್ಟದ ಅಂಕಿ ಮೆಲ್ಲಗೆ ಏರಿತು. ಮೋರಿ ತುಂಬಿ ಹರಿದಂತೆಲ್ಲ ಅಂಕಿ ಇನ್ನೂ ಏರಿತು. ಬಾಯ್ಲರಿನ ಪಕ್ಕದ ಗಾಜಿನ ಕೊಳವೆಯಲ್ಲಿ ಅರ್ಧಕ್ಕಿದ್ದ ನೀರು ಕಾಣದಂತಾಯಿತು. ಸ್ಕ್ರೀನು ಮಾತ್ರ ಹಸಿರು ಬಣ್ಣದಲ್ಲಿ 'ಟ್ಯಾಂಕ್ ತುಂಬಿದೆ' ಎಂದಿತು. ಅಲಾರಂ ಹೊಡೆಯಲಿಲ್ಲ. ನೀರು ತುಂಬುವ ಪಂಪು ಕದಲಲಿಲ್ಲ.

ಬೆಂಕಿ ಹಚ್ಚಿದ್ದರೆ ನೀರಿಲ್ಲದ ಬಾಯ್ಲರ್ ಕಾದು ಕೆಂಪಾಗುತ್ತಿತ್ತು. ಆಮೇಲೆ ಯಾರಾದರೂ ಗಾಬರಿಯಿಂದ ತಣ್ಣೀರು ಬಿಟ್ಟರೆ ಅದು ಬಾಂಬು. ಗಾಜಿನ ಕೊಳವೆ ಇದ್ದರೂ ಹೊಟ್ಟು ತುಂಬುತ್ತಾ ನಿಂತವನು ಅದನ್ನೇ ನೋಡುತ್ತಿರಲು ಆಗುವುದಿಲ್ಲ. ಒಲೆಯ ಬಾಯಿಯಿಂದ ಒಂದು ಮಾರು ದೂರದಲ್ಲಿ ರಫೀಕಣ್ಣನ ಪ್ಲಾಸ್ಟಿಕ್ ಕುರ್ಚಿ ಇತ್ತು. ಅವನು ಅದನ್ನೇ ನೋಡುತ್ತಿದ್ದ.

"ನಾ ದಿನಾ ಅಲ್ಲೇ ಕೂಡ್ತೀನಲ್ರಿ," ಎಂದ.

ನಾನು ಮತ್ತೆ ಕಂಪ್ಯೂಟರಿನ ಮುಂದೆ ಕುಳಿತೆ. ಆಗಲೇ ಸ್ಕ್ರೀನಿನ ಮೂಲೆಯ ಗಡಿಯಾರ ಕಣ್ಣಿಗೆ ಬಿದ್ದದ್ದು. ಅದರಲ್ಲಿದ್ದ ವರ್ಷ, ಈ ಗಿರಣಿ ಕಟ್ಟುವುದಕ್ಕೂ ಹಿಂದಿನದು!

"ಇದು ಆನ್ ಆಗುವಾಗ ಏನಾದ್ರೂ ತೋರಿಸ್ತದಾ?" ಎಂದು ಕೇಳಿದೆ.

"ಕರೀ ಪರದೆ ಮ್ಯಾಲೆ ಇಂಗ್ಲಿಷಿನಾಗೆ ಏನೋ ಬರ್ತೈತ್ರಿ. ಪ್ರತಿ ಅಮಾಸಿ ಆದ್ಮ್ಯಾಲೆ ಹಂಗೇ. ಎಫ್-ಒನ್ ಒತ್ತಿದ್ರೆ ಹೋಗ್ತೈತೆ."

ಆ ಇಂಗ್ಲಿಷ್ ಹೇಳುತ್ತಿದ್ದುದು, ಗಡಿಯಾರ ನಡೆಸುವ ಒಳಗಿನ ಪುಟ್ಟ ಬ್ಯಾಟರಿ ಸತ್ತಿದೆ ಎಂದು. ಮಿಕ್ಕ ದಿನ ಕರೆಂಟ್ ಇದ್ದೇ ಇರುತ್ತಿತ್ತು, ಗಡಿಯಾರ ನಡೆಯುತ್ತಿತ್ತು. ಪೂಜೆಗೆಂದು ಮೇನ್ ಇಳಿಸಿದೊಡನೆ ಅದು ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತಿತ್ತು. ಕಂಪೈಲರ್ ಶ್ರಮ ಉಳಿಸಲು ತಾರೀಖು ನೋಡುತ್ತದೆ: ಕಳೆದ ಸಲ ಕಂಪೈಲ್ ಮಾಡಿದ ಮೇಲೆ ಫೈಲು ಬದಲಾಗಿದ್ದರೆ ಮಾತ್ರ ಮತ್ತೆ ಓದುತ್ತದೆ. ನಾನು ಅಂದು ತಿದ್ದಿದ್ದಕ್ಕೆಲ್ಲ ಓಬೀರಾಯನ ಕಾಲದ ತಾರೀಖು ಬಿದ್ದಿತ್ತು. ಇದೆಲ್ಲ ಹಳೆಯದೆಂದು ಅದು ತನ್ನಲ್ಲಿದ್ದ ಹಿಂದಿನ ಪ್ರೋಗ್ರಾಮನ್ನೇ ಎತ್ತಿಕೊಟ್ಟಿತ್ತು. ಹೊಸ ಫೈಲು ಮಾತ್ರ ಅದಕ್ಕೆ ಹೊಸದು. ಅದನ್ನು ಓದಿ, ಇಂಥ ಹೆಸರು ತಾನು ಕಂಡಿಲ್ಲವೆಂದು ನಿಜವನ್ನೇ ಹೇಳಿತ್ತು. ನಾನು ಆ ಫೈಲು ಅಳಿಸಿ ಅದರ ಬಾಯಿ ಮುಚ್ಚಿಸಿದ್ದೆ.

ಹರಿಹರ ಪೇಟೆಯಿಂದ ಬ್ಯಾಟರಿ ತರಿಸಿ ಹಾಕಿದೆ. ಗಡಿಯಾರ ಸರಿಪಡಿಸಿ, ಕಸ ಕುಟ್ಟಿದ್ದನ್ನು ಮಾತ್ರ ಹಾಗೇ ಬಿಟ್ಟು, ಹಳೆಯ ಕಂಪೈಲ್ ಫೈಲುಗಳನ್ನೆಲ್ಲ ಅಳಿಸಿ ಮೊದಲಿನಿಂದ ಕಂಪೈಲ್ ಮಾಡಿದೆ. ಸ್ಕ್ರೀನ್ ತುಂಬಾ ಕೆಂಪು ಎರರ್. ಅಷ್ಟು ಸಂತೋಷ ನನಗೆ ನಮ್ಮ ಮನೆ ಗೃಹಪ್ರವೇಶದ ದಿನವೂ ಆಗಿರಲಿಲ್ಲ! ಎಲ್ಲ ತಿದ್ದಿ, ಮತ್ತೆ ನೀರು ಇಳಿಸಿದಾಗ ಅಲಾರಂ ಗಿರಣಿ ನಡುಗುವಂತೆ ಕೂಗಿತು. ತೊಟ್ಟಿಯ ಭತ್ತ ಹುಳಿ ಹಿಡಿದಿತ್ತು. ಬಸವರಾಜಪ್ಪ ಅದರ ಮಾತೇ ಎತ್ತಲಿಲ್ಲ. ರಫೀಕಣ್ಣನ ಕುರ್ಚಿಯನ್ನು ತಾವೇ ಎತ್ತಿ ಗೋಡೆಯಾಚೆ ಇಟ್ಟರು.

ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರೆ. ಎರರ್ ಕೊಡುವ ಕಂಪೈಲರ್ ಅಂಥದ್ದು. ಅಂದಿನಿಂದ ಯಾವ ಗಿರಣಿಗೆ ಹೋದರೂ ಮೊದಲು ಬೇಕೆಂದೇ ಒಂದು ತಪ್ಪು ಬರೆಯುತ್ತೇನೆ. ಬೈದರೆ ಮಾತ್ರ ಮುಂದಿನ ಕೆಲಸ. ರಫೀಕಣ್ಣನಿಗೂ ಅದೇ ಹೇಳಿಕೊಟ್ಟೆ: ಮೊದಲು ನೀರು ಇಳಿಸಿ ನೋಡು, ಅಲಾರಂ ಕೂಗಿದರೆ ಮಾತ್ರ ಬೆಂಕಿ. ಪ್ರತಿ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅವನ ಫೋನು ಬರುತ್ತದೆ: "ನೀರು ಇಳಿಸೀನ್ರಿ ಮೇಡಂ. ಕೂಗ್ತು. ಹಚ್ತೀನಿ."

ಕಳೆದ ಅಮಾವಾಸ್ಯೆಯ ಮರುದಿನ ಫೋನು ಬರಲಿಲ್ಲ. ನಾನೇ ಮಾಡಿದೆ. ರಫೀಕಣ್ಣ ತಂಗಿಯ ಮನೆಯ ಮದುವೆಗೆ ಹೋಗಿದ್ದ. ಗಿರಣಿಯಲ್ಲಿ ಅವನ ಬದಲಿಗೆ ಬಂದವನು ಫೋನ್ ಎತ್ತಿದ.

"ಎಲ್ಲಾ ಸರಿ ಐತ್ರಿ ಮೇಡಂ," ಎಂದ. "ಏನೂ ಕೂಗಿಲ್ಲ. ಇನ್ನೇನು ಹಚ್ಚಾಕ ಹತ್ತೀನಿ."

"ಹಚ್ಚಬ್ಯಾಡಪ್ಪ," ಎಂದೆ. "ದೂರ ಹೋಗಿ ಕೂತ್ಕೋ. ನಾನು ಬರೋವರೆಗೂ ಏನೂ ಮುಟ್ಟಬ್ಯಾಡ."

ಸ್ಕೂಟರಿನ ಕೀಲಿ ತೆಗೆದುಕೊಂಡು ಹೊರಟೆ.