ಹತ್ತು ಸೆಕೆಂಡಿನ ಪರೀಕ್ಷೆ

ಎಂಬತ್ತರ ದಶಕದ ಮೊದಲ ವರ್ಷಗಳು. ಅಕ್ಕ, ಭಾವ ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದರು. ಯಲಹಂಕದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ನಾನೂ ಅವರ ಜೊತೆಗೇ ಇದ್ದೆ. ಭಾವ ಫಿಟ್ಟರ್. ನೋವು ಅಂತ ಒಂದು ದಿನವೂ ಅಂದವರಲ್ಲ. ಆದರೆ ಕಾಫಿ ಲೋಟ ಕೈಯಿಂದ ಜಾರುತ್ತಿತ್ತು, ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಫ್ಯಾಕ್ಟರಿ ಸೈರನ್ ಆಗಿಬಿಡುತ್ತಿತ್ತು.

ಸಿಟಿಯ ದೊಡ್ಡಾಸ್ಪತ್ರೆಯಲ್ಲಿ ಬೆನ್ನಿಗೆ ಔಷಧಿ ಚುಚ್ಚಿ ಎಕ್ಸ್‌ರೇ ತೆಗೆದರು. ಕತ್ತಿನ ಮೂಳೆ ಸವೆದು, ಅಡ್ಡಾದಿಡ್ಡಿ ಬೆಳೆದು, ಒಳಗಿನ ನರದ ಹುರಿಯನ್ನು ಒತ್ತುತ್ತಿದೆ ಅಂದರು ಡಾಕ್ಟರು. ಆಪರೇಷನ್ ಮಾಡಿದರೆ ಉಳಿದಿರುವ ಶಕ್ತಿ ಉಳಿಯಬಹುದು, ಕಳೆದದ್ದು ಮರಳುತ್ತದೆಂಬ ಭರವಸೆಯಿಲ್ಲ. ಅಪರೂಪಕ್ಕೆ ಆಪರೇಷನ್ನಿನಿಂದಲೇ ಕೈಕಾಲು ಬಿದ್ದುಹೋಗುವುದೂ ಉಂಟು. ಆದ್ದರಿಂದ ಕತ್ತಿಗೆ ಪಟ್ಟಿ ಹಾಕಿಕೊಂಡು ತಿಂಗಳಿಗೊಮ್ಮೆ ಬನ್ನಿ, ಕೆಡುತ್ತಿದೆ ಅಂತ ಕಂಡರೆ ತಡಮಾಡುವುದು ಬೇಡ ಅಂದರು. ಕಾಣುವ ಬಗೆಯೂ ಸರಳ. ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಮುಷ್ಟಿ ಕಟ್ಟಿ ಬಿಚ್ಚುತ್ತಾರೆಂದು ಎಣಿಸುವುದು, ಆಮೇಲೆ ನೆಟ್ಟಗೆ ನಡೆಸಿ ನೋಡುವುದು.

ಭಾವನ ಕಾರ್ಖಾನೆಯವರೊಬ್ಬರು ಬೆನ್ನಿನ ಆಪರೇಷನ್ ಆಗಿ ಸ್ಟ್ರೆಚರಿನಲ್ಲಿ ಮನೆಗೆ ಬಂದವರು, ಮತ್ತೆ ಎದ್ದಿರಲಿಲ್ಲ. ಆ ಭಯಕ್ಕೆ ಭಾವ ಡಾಕ್ಟರ ಈ ಎಣಿಕೆಯನ್ನು ಪಾಸಾಗಬೇಕಾದ ಪರೀಕ್ಷೆ ಮಾಡಿಕೊಂಡರು. ನಾನೋ ಮೇಷ್ಟ್ರು. ಪ್ರಶ್ನೆಪತ್ರಿಕೆ ಮೊದಲೇ ಗೊತ್ತಾದರೆ ಸುಮ್ಮನಿರುತ್ತೇನೆಯೇ? ದಿನಾ ಸಂಜೆ ಭಾವ ಜಗಲಿಯಲ್ಲಿ ಕೂರುವುದು, ನಾನು ವಾಚು ಹಿಡಿಯುವುದು, ಅಕ್ಕ ಎಣಿಸುವುದು. ಬೆರಳು ಪೂರ್ತಿ ಬಿಚ್ಚಬೇಡಿ, ನಡೆಯುವಾಗ ಕಣ್ಣು ಗೋಡೆಯ ಮೇಲಿರಲಿ, ಇವೆಲ್ಲ ನಾನೇ ಹೇಳಿಕೊಟ್ಟ ಉಪಾಯಗಳು. ಆಸ್ಪತ್ರೆಗೆ ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ದು, ಒಳಗೆ ಕರೆಯುವ ಮುಂಚೆ ಅವರ ಕೈ ಬೆಚ್ಚಗೆ ಮಾಡುತ್ತಿದ್ದೆವು.

ಮೂರು ತಿಂಗಳು ಡಾಕ್ಟರು ಚೀಟಿಯಲ್ಲಿ ಹಾಗೇ ಇದೆ ಅಂತ ಬರೆದರು. ಅಷ್ಟರಲ್ಲಿ ಮನೆಯಲ್ಲಿ ಅಕ್ಕನೇ ಅವರಿಗೆ ಸ್ನಾನ ಮಾಡಿಸುವಂತಾಗಿತ್ತು. ಆ ವಿಷಯ ಡಾಕ್ಟರ ಹತ್ತಿರ ಯಾರೂ ಎತ್ತಲಿಲ್ಲ. ಅರ್ಧ ದಿನದ ರಜೆ, ಎರಡು ಬಸ್ಸು, ಬೆಂಚಿನ ಮೇಲೆ ಕಾಯುವುದು, ನನಗೂ ಸಾಕಾಗಿಹೋಗಿತ್ತು. ಹಾಗೇ ಇದೆ ಅನ್ನಿಸಿಕೊಂಡು ಮನೆ ಸೇರಿದರೆ ಸಾಕಿತ್ತು.

ನಾಲ್ಕನೆಯ ಸಲ, ಬಿರುಬೇಸಿಗೆ. ಬೆಂಚಿನಲ್ಲಿ ಕೂತಾಗ ನೋಡುತ್ತೇನೆ, ಭಾವನ ಎಡಗಾಲು ಬರಿದು.

“ಚಪ್ಪಲಿ ಎಲ್ಲಿ ಭಾವ?”

ಅವರು ಬಗ್ಗಿ ನೋಡಿಕೊಂಡರು. ಚಪ್ಪಲಿ ಬಸ್ಸಿನಲ್ಲೇ ಉಳಿದಿತ್ತು. ಸ್ಟಾಪಿನಿಂದ ಕಾದ ಟಾರು ರಸ್ತೆಯಲ್ಲಿ ನಡೆದುಬಂದಿದ್ದರು, ಕಾಲಿಗೆ ತಿಳಿದೇ ಇರಲಿಲ್ಲ.

“ಡಾಕ್ಟ್ರಿಗೆ ಹೇಳ್ಬೇಡ ಕಣಯ್ಯ,” ಅಂದು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಬೆಂಚಿನ ಕೆಳಗೆ ತಳ್ಳಿದರು.

ಒಳಗೆ ಮುಷ್ಟಿ ಪರೀಕ್ಷೆಯಲ್ಲಿ ಎಂದಿನಂತೆ ಪಾಸಾದರು. ಡಾಕ್ಟರು ಪೆನ್ನು ತೆಗೆದರು. ಆಗ ನಾನು ಬಾಯಿಬಿಟ್ಟೆ. ವಾಚು, ಬಿಸಿನೀರು, ಸ್ನಾನ, ಚಪ್ಪಲಿ, ಒಂದೂ ಬಿಡದೆ ಹೇಳಿದೆ. ಭಾವ ನನ್ನ ಕಡೆ ತಿರುಗಲಿಲ್ಲ.

ಡಾಕ್ಟರು ಬೈಯಲಿಲ್ಲ. ಎರಡೂ ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಿ ಅಂದರು. ಭಾವ ಕಣ್ಣು ಮುಚ್ಚಿದ್ದೇ ತಡ, ಬುಡ ಕಡಿದ ಬಾಳೆಗಿಡದಂತೆ ವಾಲಿದರು. ನಾನು ಭುಜ ಹಿಡಿದುಕೊಂಡೆ.

“ಇದನ್ನ ಮೇಷ್ಟ್ರು ಹೇಳ್ಕೊಟ್ಟಿಲ್ಲ ಅಂತ ಕಾಣುತ್ತೆ,” ಅಂದರು ಡಾಕ್ಟರು.

ಭಾವ ನನ್ನ ಕೈ ಆಸರೆಯಲ್ಲೇ ಕುರ್ಚಿಗೆ ಬಂದು ಕೂತರು. ಆಮೇಲೆ, “ಯಾವಾಗ ಬಂದು ಮಲಗ್ಬೇಕು, ಹೇಳಿ,” ಅಂದರು.

ಆಪರೇಷನ್ ಆಯಿತು. ಕಾಲು ಉಳಿಯಿತು, ಕೋಲೂರಿಕೊಂಡು ಬೀದಿಯ ಕೊನೆಯ ಅಂಗಡಿತನಕ ಹೋಗಿಬರುವಷ್ಟು. ಕೈ ಸುಧಾರಿಸಲಿಲ್ಲ. ಆ ಮೂರು ತಿಂಗಳು ಕಳೆಯದಿದ್ದರೆ ಕೈಯೂ ಉಳಿಯುತ್ತಿತ್ತೇ ಅಂತ ಕೇಳಿದ್ದಕ್ಕೆ, ಹೇಳಲಾಗುವುದಿಲ್ಲ ಅಂದರು ಡಾಕ್ಟರು.

ಒಂದು ಭಾನುವಾರ, ಅಕ್ಕ ಅವರಿಗೆ ಉಪ್ಪಿಟ್ಟು ತಿನ್ನಿಸುತ್ತಿದ್ದಾಗ, ನನ್ನ ಮೇಲೆ ಸಿಟ್ಟಿದೆಯಾ ಭಾವ ಅಂತ ಕೇಳಿಯೇಬಿಟ್ಟೆ.

ಬಾಯಲ್ಲಿದ್ದುದನ್ನು ನುಂಗಿ, “ಕಾಪಿ ಹೊಡೆಸಿದೋನೂ ನೀನೇ, ಹಿಡ್ಕೊಟ್ಟೋನೂ ನೀನೇ,” ಅಂದರು. “ಯಾರ ಮೇಲೆ ಅಂತ ಸಿಟ್ಟು ಮಾಡ್ಲಯ್ಯ?”