ಕೊಳವಿರಾಯನ ದನಿ

"ಅವ್ವಾ, ಹುಲಿಗೆವ್ವ ಆಯಿ ಖರೇನ ಕೆಟ್ಟಾಕಿ ಏನ?"

ಸೃಷ್ಟಿ ಹೀಗೆ ಕೇಳಿದಾಗ ಗೀತಾಂಜಲಿ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಯಿಂದ ಗಂಡುದನಿಯೊಂದು ಗೋಡೆ ನಡುಗುವಂತೆ ಅಬ್ಬರಿಸುತ್ತಿತ್ತು: "ಈ ಊರಿನ ಉಗಿಯೆಲ್ಲ ನನ್ನದು! ಹಾ ಹಾ ಹಾ!"

"ಕೆಟ್ಟಾಕಿ ಅಲ್ಲ ಬಂಗಾರಾ, ಕೆಟ್ಟಾವನ ಪಾರ್ಟು ಕಲ್ಯಾಕತ್ತಾಳ."

ಹುಲಿಗೆವ್ವ ಇಪ್ಪತ್ತು ವರ್ಷ ನಾಟಕ ಕಂಪನಿಯಲ್ಲಿದ್ದವಳು. ಆ ಗಡಸು ದನಿಗೆ ನಾಯಕಿಯ ಪಾತ್ರ ಯಾರು ಕೊಡುತ್ತಾರೆ? ರಾಕ್ಷಸ, ಬಡ್ಡಿ ಸಾವಕಾರ, ಕಪಟಿ ಮಂತ್ರಿ ಎಲ್ಲ ಅವಳ ಪಾಲಿಗೇ. "ನಾ ಸಾಯದ ಊರ ಇಲ್ಲವ್ವಾ," ಎಂದು ನಗುತ್ತಿದ್ದಳು. ಕಂಪನಿ ಮುಚ್ಚಿದ ಮೇಲೆ ಹಳೇಹುಬ್ಬಳ್ಳಿಯ ಈ ಓಣಿಗೆ ಬಂದು ಹಪ್ಪಳ ಲಟ್ಟಿಸತೊಡಗಿದಳು.

ಓಣಿಗೆ ಕೇಬಲ್ ಕೊಡುವ ಖಾದರಬಾಷಾ ತನ್ನ ಲೋಕಲ್ ಚಾನೆಲ್ಲಿಗೆಂದು ಪರದೇಶದ ಕಾರ್ಟೂನೊಂದನ್ನು ತರಿಸಿ, ಅದಕ್ಕೆ ಕನ್ನಡ ಮಾತು ಕೂಡಿಸಲು ಹೊರಟಿದ್ದ. ಅದರೊಳಗೆ ಒಂದು ಊರು. ಅಲ್ಲಿ ಗಡಿಯಾರದಿಂದ ಹಿಡಿದು ತೊಟ್ಟಿಲವರೆಗೆ ಎಲ್ಲವೂ ಉಗಿಯ ಬಲದಿಂದಲೇ ನಡೆಯುತ್ತದೆ. ಹಿತ್ತಾಳೆ ಕನ್ನಡಕದ ಪತ್ತೇದಾರ ಹುಡುಗಿ ಹೊಗೆಯುಗುಳುವ ಸೈಕಲ್ಲೇರಿ ದುಷ್ಟರ ಬೆನ್ನು ಹತ್ತುತ್ತಾಳೆ. ತಲೆಯ ಮೇಲೆ ಚಿಮಣಿ ಹೊತ್ತ ಕೊಳವಿರಾಯನೇ ಆ ದುಷ್ಟರ ದೊರೆ. ಅವನಿಗೆ ದನಿ ಹುಡುಕುತ್ತಿದ್ದ ಖಾದರಬಾಷಾ, ಒಂದು ಮುಂಜಾನೆ ಹುಲಿಗೆವ್ವ ಸೊಪ್ಪಿನವನ ಜೊತೆ ಜಗಳಾಡುವುದನ್ನು ಕೇಳಿ ಅಲ್ಲೇ ನಿಂತುಬಿಟ್ಟ.

ಓದು ಬಾರದ ಹುಲಿಗೆವ್ವನಿಗೆ ಗೀತಾಂಜಲಿ ಮಾತುಗಳನ್ನು ಓದಿ ಹೇಳುತ್ತಿದ್ದಳು. ಎರಡು ಸಲ ಕೇಳಿದರೆ ಬಾಯಿಪಾಠ. ರೆಕಾರ್ಡಿಂಗಿನ ದಿನ ಇಬ್ಬರೂ ಕೂಡಿಯೇ ಖಾದರಬಾಷಾನ ಕೇಬಲ್ ಆಫೀಸಿಗೆ ಹೋದರು. ಹುಲಿಗೆವ್ವ ಮೊದಲ ಮಾತು ಎಸೆದಳು, ಗದ್ದವೆತ್ತಿ ಸುಮ್ಮನೆ ನಿಂತಳು. ಟಿವಿಯಲ್ಲಿ ಕೊಳವಿರಾಯನ ಬಾಯಿ ಮುಂದಿನ ಮಾತಿಗೆ ಓಡಿತ್ತು.

"ಯಾಕ ನಿಂತ್ರಿ ಅವ್ವಾರ?" ಖಾದರಬಾಷಾ ಕೇಳಿದ.

"ಚಪ್ಪಾಳಿ ಮುಗೀಲಿ ಅಂತ."

"ಇಲ್ಲಿ ಯಾರ ಅದಾರ್ರಿ ಚಪ್ಪಾಳಿ ಹೊಡ್ಯಾಕ? ನಾನು, ಈ ಫ್ಯಾನು!"

ಆದರೆ ಕಂಪನಿಯಲ್ಲಿ ಜನರ ಚಪ್ಪಾಳೆಯ ಮೇಲೆ ಮಾತಾಡುವುದೆಂದರೆ ಮಹಾ ಅಪರಾಧ. ಮೈಗೆ ಹತ್ತಿದ ರೂಢಿ. ಮತ್ತೆ ಮತ್ತೆ ಹೇಳಿಸಿದರೂ ಅವಳು ಪ್ರತಿ ಮಾತಿನ ಕೊನೆಗೆ ನಿಂತೇ ನಿಂತಳು.

"ಶುಕ್ರವಾರ ಇನ್ನೊಮ್ಮೆ ನೋಡೂಣ್ರಿ," ಎಂದ ಖಾದರಬಾಷಾ, ಕಣ್ಣು ತಪ್ಪಿಸಿ. "ಆಗಲಿಲ್ಲಂದ್ರ ಧಾರವಾಡದಿಂದ ಬ್ಯಾರೆದವರನ್ನ ಕರಸಬೇಕಾಗ್ತದ."

ಮನೆ ಬಾಗಿಲಲ್ಲಿ ಹುಲಿಗೆವ್ವ, "ಇದೊಂದು ಪಾರ್ಟು ಹೋತಂದ್ರ ನಾ ಬರೇ ಹಪ್ಪಳದಾಕಿನ ಆಗಿ ಉಳೀತೇನಿ, ಗೀತಾ," ಎಂದಳು.

ಮರುದಿನದಿಂದ ಗೀತಾಂಜಲಿ ರೊಟ್ಟಿ ಮುಗಿಸಿ, ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು, ಹುಲಿಗೆವ್ವನ ಬೆನ್ನ ಮೇಲೆ ಅಂಗೈಯಿಟ್ಟು ಕೂತಳು. ಮಾತು ಮುಗಿದು ಮುದುಕಿ ಗದ್ದವೆತ್ತಿದಳೋ, ಬೆನ್ನಿಗೊಂದು ತಟ್ಟು.

"ನಾ ಏನ ಗಾಡಿ ಎತ್ತೇನ?"

"ಎತ್ತಾದ್ರ ಒಂದ ಏಟಿಗೆ ಮುಂದ ಹೋಗ್ತಿತ್ತ ಬಿಡ್ರಿ!"

ಸೃಷ್ಟಿ ಬಿದ್ದು ಬಿದ್ದು ನಕ್ಕಳು.

ಶುಕ್ರವಾರವೂ ಗೀತಾಂಜಲಿಯ ಅಂಗೈ ಆ ಬೆನ್ನ ಮೇಲೇ ಇತ್ತು. ಮಾತಿಗೆ ಮಾತು ಜೋಡಿಸಿದಂತೆ ಹೊರಟಿತು; ಅರ್ಧ ದಾರಿಯಿಂದಾಚೆ ತಟ್ಟುವ ಅಗತ್ಯವೇ ಬೀಳಲಿಲ್ಲ. ಕೊನೆಗೆ ಕೊಳವಿರಾಯ ಕುದಿಯುವ ಬಾಯ್ಲರಿನೊಳಗೆ ಬೀಳಬೇಕು. ಹುಲಿಗೆವ್ವ ಗರ್ಜಿಸಿದಳು, ಬೇಡಿಕೊಂಡಳು, ಶಾಪ ಹಾಕುತ್ತ ಸತ್ತಳು. ಮಶೀನು ನಿಲ್ಲಿಸಿದ ಖಾದರಬಾಷಾ ಎದ್ದು ನಿಂತು, "ಎಲ್ಲಾ ಭಾಗದ ದುಷ್ಟರಿಗೂ ನೀವರೀ! ಐತವಾರ ಟಿವಿಯಾಗ ಬರ್ತದ, ಕೊನೀಗೆ ನಿಮ್ಮ ಹೆಸರೂ ಹಾಕ್ತೇನಿ," ಎಂದ. ಗೀತಾಂಜಲಿಗೆ ತನ್ನ ಹೆತ್ತವ್ವನೇ ಗೆದ್ದು ಬಂದಷ್ಟು ಹೆಮ್ಮೆ.

ಹೊರಗೆ ಬಂದ ಹುಲಿಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಕಂಪನಿ ಹ್ಯಾಂಡಬಿಲ್ಲಿನಾಗ ನಾಯಕಿ ಹೆಸರು ದಪ್ಪ ಅಕ್ಷರದಾಗ ಇರ್ತಿತ್ತ. ನಾವು ಸಾಯಾವ್ರು, 'ಇತರರು'," ಎಂದಳು. ಆಮೇಲೆ ಗೀತಾಂಜಲಿಯ ಕೈ ಹಿಡಿದಳು: "ಒಂದ ಕೆಲಸಾ ಮಾಡವ್ವಾ. ಐತವಾರ ಟಿವಿಯಾಗ ನನ್ನ ಹೆಸರು ಬಂತಂದ್ರ, ನೀ ಓದು. ಮೆಲ್ಲಕ ಅಲ್ಲ. ಬಾಗಲಾ ತಗದಿಟ್ಟು, ಓಣಿಗೆಲ್ಲಾ ಕೇಳೂಹಂಗ ಓದು."